ಡೀಸೆಲ್ಲೋ ಪೆಟ್ರೋಲೋ: ಗಾಡಿಯ ಸಪ್ಪಳ ಹೊರಗೆ ನಿಂತು ಕೇಳಿ

ಬೆಳಗಾವಿಯಲ್ಲಿ ಕಾರು ತೊಗೊಳ್ಳುವವರು ಮೊದಲು ಕೇಳುವ ಮಾತು "ಆವರೇಜ್ ಎಷ್ಟ್ ಕೊಡತೈತಿ?" ಆಮೇಲೆ ಬೆಲೆ, ಆಮೇಲೆ ಬಣ್ಣ. ಸಪ್ಪಳದ ಮಾತು ಬರುವುದು ಗಾಡಿ ಮನೆಮುಂದೆ ಬಂದು ನಿಂತ ಮೇಲೆ, ಅದೂ ಹೆಚ್ಚಿನ ಸಲ ಪಕ್ಕದ ಮನೆಯವರ ಬಾಯಿಂದ. ಅಷ್ಟೊತ್ತಿಗೆ ಸಾಲದ ಕಂತು ಶುರುವಾಗಿರುತ್ತದೆ, ಏನೂ ಮಾಡಲು ಬರುವುದಿಲ್ಲ. ಆದ್ದರಿಂದ ಸಪ್ಪಳ, ನಡುಕ, ಹೊಗೆ, ವಾಸನೆ ಈ ನಾಲ್ಕನ್ನೂ ಕೊಳ್ಳುವ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡೀಸೆಲ್ ಗಾಡಿಯ ತ್ರಾಸು ಒಳಗೆ ಕೂತವರಿಗಿಂತ ಹೊರಗಿದ್ದವರಿಗೆ ಹೆಚ್ಚು. ಷೋರೂಮಿನವರು ಟೆಸ್ಟ್ ಡ್ರೈವ್ ಕೊಡುವುದು ಎಂಜಿನ್ ಬಿಸಿಯಾದ ಮೇಲೆ, ಗ್ಲಾಸ್ ಏರಿಸಿ, ಎಸಿ ಹಾಕಿ. ಅಲ್ಲಿ ಕೂತರೆ ಇವತ್ತಿನ ಡೀಸೆಲ್ಲಿಗೂ ಪೆಟ್ರೋಲಿಗೂ ಅಂಥ ಫರಕು ಕಾಣುವುದಿಲ್ಲ. ಫರಕು ಇರುವುದು ನಸುಕಿನಲ್ಲಿ, ಗಲ್ಲಿಯಲ್ಲಿ, ಗೋಡೆಯ ಆಚೆ ಮಲಗಿದವರ ಕಿವಿಯಲ್ಲಿ.

ಟಕಟಕ ಎಲ್ಲಿಂದ ಬರುತ್ತದೆ

ಪೆಟ್ರೋಲ್ ಎಂಜಿನಿನಲ್ಲಿ ಗಾಳಿ, ಪೆಟ್ರೋಲ್ ಮೊದಲೇ ಬೆರೆತಿರುತ್ತವೆ. ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದಾಗ ಉರಿ ಅಲ್ಲಿಂದ ಸುತ್ತಲೂ ಹಬ್ಬುತ್ತ ಹೋಗುತ್ತದೆ. ಹಾಗಾಗಿ ಸಿಲಿಂಡರಿನೊಳಗಿನ ಒತ್ತಡ ಹದವಾಗಿ ಏರುತ್ತದೆ.

ಡೀಸೆಲ್ ಎಂಜಿನಿನಲ್ಲಿ ಕಿಡಿಯೇ ಇಲ್ಲ. ಪೆಟ್ರೋಲ್ ಎಂಜಿನ್ ಒಳಗಿನ ಮಿಶ್ರಣವನ್ನು ಸಾಮಾನ್ಯವಾಗಿ 9ರಿಂದ 12 ಪಟ್ಟು ಒತ್ತಿದರೆ, ಡೀಸೆಲ್ ಬರೀ ಗಾಳಿಯನ್ನು 15ರಿಂದ 18 ಪಟ್ಟು ಒತ್ತುತ್ತದೆ. ಹಳೆಯ ಎಂಜಿನುಗಳಲ್ಲಿ ಇನ್ನೂ ಹೆಚ್ಚು. ಅಷ್ಟು ಒತ್ತಿದ ಗಾಳಿ ಕೆಂಡದಂತೆ ಕಾಯುತ್ತದೆ, ಅದರೊಳಗೆ ಡೀಸೆಲ್ ಚಿಮ್ಮಿದಾಗ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದರೆ ಚಿಮ್ಮಿದ ಕ್ಷಣಕ್ಕೇ ಹೊತ್ತಿಕೊಳ್ಳುವುದಿಲ್ಲ, ಕಣ್ಣಿಗೆ ಕಿವಿಗೆ ತಿಳಿಯದಷ್ಟು ಸಣ್ಣ ತಡ ಆಗುತ್ತದೆ. ಆ ತಡದಲ್ಲಿ ಕೂಡಿಬಿದ್ದ ಡೀಸೆಲ್ ಎಲ್ಲಾ ಒಮ್ಮೆಲೇ ಉರಿದು ಒತ್ತಡ ಗಪ್ಪನೆ ಏರುತ್ತದೆ. ನಮಗೆ ಕೇಳುವ ಟಕಟಕ ಆ ಹೊಡೆತದ್ದು. ಎಂಜಿನ್ ತಣ್ಣಗಿದ್ದಷ್ಟೂ ತಡ ಜಾಸ್ತಿ, ತಡ ಜಾಸ್ತಿಯಾದಷ್ಟೂ ಹೊಡೆತ ಜೋರು. ಮಧ್ಯಾಹ್ನ ಸುಮ್ಮನಿರುವ ಗಾಡಿಯೇ ಡಿಸೆಂಬರಿನ ನಸುಕಿನಲ್ಲಿ ಅಷ್ಟು ಬಡಿದುಕೊಳ್ಳುವುದು ಇದೇ ಕಾರಣಕ್ಕೆ. ಚಳಿ ಎಲ್ಲಾ ಊರಲ್ಲೂ ಒಂದೇ ಥರ ಇರುವುದಿಲ್ಲ. ಆದ್ದರಿಂದ ಬೇರೆ ಊರಿನ ಬಂಧುಗಳು "ನಮ್ಮ ಗಾಡಿ ಅಷ್ಟೇನ್ ಸಪ್ಪಳ ಮಾಡಂಗಿಲ್ಲ" ಎಂದದ್ದನ್ನು ಇಲ್ಲಿಗೆ ಹಾಗೇ ಹಚ್ಚಲು ಬರುವುದಿಲ್ಲ.

1998ರಲ್ಲಿ ಟಾಟಾ ಇಂಡಿಕಾ ಬಂದಾಗ ಆ ಡೀಸೆಲ್ಲಿನ ಸಪ್ಪಳ ಓಣಿಯ ಆ ತುದಿಯಿಂದ ಕೇಳುತ್ತಿತ್ತು. ಮುಂದೆ ಕಾಮನ್ ರೈಲ್ ತಂತ್ರ ಬಂದು ದೊಡ್ಡ ಬದಲಾವಣೆ ಆಯಿತು. ಡೀಸೆಲ್ಲನ್ನು 1600, 2000 ಬಾರ್, ಅಂದರೆ ಸುತ್ತಲಿನ ಗಾಳಿಯ ಒತ್ತಡದ ಹೆಚ್ಚುಕಮ್ಮಿ ಅಷ್ಟು ಪಟ್ಟು ಒತ್ತಡದಲ್ಲಿ ಹಿಡಿದಿಟ್ಟು, ಮುಖ್ಯ ಸಿಂಪಡಣೆಗೆ ಮೊದಲು ಒಂದು ಹನಿಯಷ್ಟು ಮುಂಚಿತವಾಗಿ ಬಿಡುತ್ತಾರೆ. ಆ ಹನಿ ಉರಿದು ಜಾಗ ಬಿಸಿ ಮಾಡಿದ ಮೇಲೆ ಉಳಿದದ್ದು ತಡವಿಲ್ಲದೆ ಹೊತ್ತಿಕೊಳ್ಳುತ್ತದೆ, ಹೊಡೆತ ಮೆತ್ತಗಾಗುತ್ತದೆ. ಇವತ್ತಿನ ಕ್ರೆಟಾ, ಸೋನೆಟ್, ನೆಕ್ಸಾನ್ ಡೀಸೆಲ್ ಹಳೆಯವಕ್ಕಿಂತ ಎಷ್ಟೋ ಸುಧಾರಿಸಿವೆ. ಅದು ಅವುಗಳ ಹಕ್ಕಿನ ಮೆಚ್ಚುಗೆ, ಕೊಡಲೇಬೇಕು. ಆದರೂ ಒತ್ತಡ ಒತ್ತಡವೇ. ಅದನ್ನು ತಡೆಯಲು ಬ್ಲಾಕ್, ಪಿಸ್ಟನ್, ಕ್ರ್ಯಾಂಕ್ ಎಲ್ಲಾ ಭಾರವಾಗಿರಬೇಕು. ಆ ಭಾರ ಗಾಡಿಯ ಮೂತಿಯ ಮೇಲೆ ಬೀಳುತ್ತದೆ, ನಡುಕ ಸೀಟಿಗೆ, ಸ್ಟೇರಿಂಗಿಗೆ, ಗೇರಿನ ಕೋಲಿಗೆ ಇಳಿಯುತ್ತದೆ.

ಗಲ್ಲಿಯೊಳಗೆ

ಬೆಳಗಾವಿಯ ಹಳೇ ಊರು ನೋಡದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಣಪತ ಗಲ್ಲಿ, ರಾಮದೇವ ಗಲ್ಲಿ, ಶಹಾಪುರದ ಒಳಗಿನ ಓಣಿಗಳು, ಎಲ್ಲಾ ಗೋಡೆಗೆ ಗೋಡೆ ಹಚ್ಚಿ ಕಟ್ಟಿದ ಮನೆಗಳು. ಮುಂಬಾಗಿಲು ತೆಗೆದರೆ ರಸ್ತೆ. ಕಾರು ನಿಲ್ಲುವುದು ಬಾಗಿಲ ಮೆಟ್ಟಿಲಿಗೆ ಹತ್ತಿ, ಸೈಲೆನ್ಸರಿನ ಬಾಯಿ ಎದುರು ಮನೆಯ ಕಿಡಕಿಗೆ. ಸಪ್ಪಳ ಮೇಲೆ ಹೋಗುವ ಬದಲು ಎರಡೂ ಗೋಡೆಗೆ ಬಡಿದು ಬಡಿದು ಉದ್ದಕ್ಕೆ ಹರಿಯುತ್ತದೆ.

ನಾಲ್ಕು ಸಿಲಿಂಡರಿನ ಎಂಜಿನ್ ನಿಂತಲ್ಲೇ ನಿಮಿಷಕ್ಕೆ 800 ಸುತ್ತು ತಿರುಗಿದರೆ ಸೆಕೆಂಡಿಗೆ ಹೆಚ್ಚುಕಮ್ಮಿ 27 ಸಲ ಉರಿ ಹೊತ್ತುತ್ತದೆ. ಇಂಥ ಕೆಳದನಿಯ ಗುಂಯ್‌ಗುಡಿಕೆಗೆ ಕಿಡಕಿ ಮುಚ್ಚಿದರೆ ಪ್ರಯೋಜನ ಕಡಿಮೆ, ತೆಳು ಗಾಜು, ತಗಡು ಅದನ್ನು ತಡೆಯುವುದಿಲ್ಲ. ನಮ್ಮ ಗಲ್ಲಿಯಲ್ಲಿ ಒಂದು ಹಳೇ ಡೀಸೆಲ್ ಗಾಡಿ ನಸುಕಿನ ಐದೂವರೆಗೆ ಚಾಲೂ ಆಗುತ್ತಿತ್ತು. ಮೊದಲು ಅಡುಗೆಮನೆಯ ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ತಾಟುಗಳು ಒಂದಕ್ಕೊಂದು ತಾಗಿ ಝಿರ್ರ್ ಅನ್ನುತ್ತಿದ್ದವು, ಆಮೇಲೆ ದೇವರ ಫೋಟೋದ ಗಾಜು. ಗಾಡಿಯವರು ಸಭ್ಯರು, ಯಾರ ಮೇಲೂ ದನಿ ಏರಿಸಿದವರಲ್ಲ. ಆದರೆ "ಡೀಸೆಲ್ ಗಾಡಿ ಐದ್ ನಿಮಿಷ ಕಾಯಬೇಕು" ಎಂಬ ಹಳೇ ನಂಬಿಕೆಯಿಂದ ಅದನ್ನು ಹಾಗೇ ಬಡಿಯಲು ಬಿಟ್ಟು ಒಳಗೆ ಚಹಾ ಕುಡಿಯುತ್ತಿದ್ದರು. ಒಂದು ದಿನ ಎದುರು ಮನೆಯ ಮಾವಶಿ ಬಾಗಿಲಲ್ಲಿ ನಿಂತು, "ತಮ್ಮಾ, ನಿನ್ನ ಗಾಡಿ ಚಾಲೂ ಆತಂದ್ರ ನಮ್ಮ ಕೂಸು ಎದ್ದ ಬಿಡತೈತಿ, ಮತ್ತ ಮಲಗಂಗಿಲ್ಲ" ಎಂದರು. ಬಾಣಂತನಕ್ಕೆ ಬಂದ ಮಗಳು ಒಳಗೆ ಇದ್ದಳು. ಆವತ್ತಿನಿಂದ ಅವರು ಗಾಡಿ ಹಚ್ಚಿದ ಕೂಡಲೇ ಮೆಲ್ಲಗೆ ಹೊರಗೆ ಒಯ್ಯತೊಡಗಿದರು.

ಆ ನಂಬಿಕೆ ಹಳೆಯ ಎಂಜಿನುಗಳ ಕಾಲದ್ದು. ಕಾಮನ್ ರೈಲ್ ಗಾಡಿಗೆ ನಿಂತಲ್ಲೇ ಕಾಯಿಸುವ ಕೆಲಸವಿಲ್ಲ. ನಿಂತಲ್ಲಿ ಡೀಸೆಲ್ ಎಂಜಿನ್ ಬೇಗ ಕಾಯುವುದೂ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಸುರುಳಿಯಂಥ ಹಳದಿ ದೀಪ ಆರುವ ತನಕ ತಡೆದು, ಸ್ಟಾರ್ಟ್ ಮಾಡಿ, ಅರ್ಧ ನಿಮಿಷದಲ್ಲಿ ಹೊರಟು, ಮೊದಲ ಎರಡು-ಮೂರು ಕಿಲೋಮೀಟರ್ ಆಕ್ಸಿಲೇಟರ್ ಮೆಲ್ಲಗೆ ಒತ್ತಿದರೆ ಸಾಕು.

2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದರೆ ಹತ್ತರಿಂದ ಮುಂಜಾನೆ ಆರರ ತನಕ. ಐದೂವರೆ ನಿಯಮದ ಲೆಕ್ಕದಲ್ಲೂ ರಾತ್ರಿಯೇ. ವಡಗಾವಿ, ಖಾಸಬಾಗದಲ್ಲಿ ಮಗ್ಗದ ಸಪ್ಪಳದಲ್ಲೇ ಹುಟ್ಟಿ ಬೆಳೆದವರಿದ್ದಾರೆ, ಅವರಿಗೂ ಮಗ್ಗ ನಿಂತ ಮೇಲಿನ ಆ ನಾಲ್ಕು ತಾಸಿನ ನಿದ್ದೆ ಬೇಕು.

ಹೆದ್ದಾರಿಗೆ ಹತ್ತಿದ ಮೇಲೆ

ಇಲ್ಲಿ ಲೆಕ್ಕ ತಿರುಗುತ್ತದೆ. ಐವತ್ತು-ಅರವತ್ತರ ವೇಗ ದಾಟಿದ ಮೇಲೆ ಕಾರಿನ ಸಪ್ಪಳದಲ್ಲಿ ಟೈರಿನದೇ ದೊಡ್ಡ ಪಾಲು, ಇನ್ನೂ ಮುಂದೆ ಹೋದರೆ ಗಾಳಿಯದು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹುಬ್ಬಳ್ಳಿ ಕಡೆ ತೊಂಬತ್ತರಲ್ಲಿ ಹೋಗುವಾಗ ಡೀಸೆಲ್ ಗಾಡಿ ಉದ್ದ ಗೇರಿನಲ್ಲಿ ಕಡಿಮೆ ಸುತ್ತಿಗೆ ಓಡುತ್ತಿರುತ್ತದೆ, ಚಿಕ್ಕ ಪೆಟ್ರೋಲ್ ಎಂಜಿನ್ ಹೆಚ್ಚು ಸುತ್ತಿಗೆ. ಆಗ ಒಳಗೆ ಕೂತವರ ಕಿವಿಗೆ ಡೀಸೆಲ್ಲೇ ಹಿತ ಅನ್ನಿಸಿದರೂ ಆಶ್ಚರ್ಯವಿಲ್ಲ.

ಚೋರ್ಲಾ ಘಾಟಿನಲ್ಲಂತೂ ಇದು ಸ್ಪಷ್ಟ. ಗೋವಾದಿಂದ ಮೇಲೆ ಹತ್ತುವಾಗ ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ. ಟರ್ಬೊ (ಎಂಜಿನಿಗೆ ಹೆಚ್ಚು ಗಾಳಿ ತುಂಬುವ ಚಕ್ರ) ಇಲ್ಲದ 1200 ಸಿಸಿ ಪೆಟ್ರೋಲ್ ಗಾಡಿಗೆ ಪ್ರತಿ ತಿರುವಿನಲ್ಲಿ ಎರಡನೇ ಗೇರಿಗೆ ಇಳಿದು ನಾಲ್ಕು ಸಾವಿರ ಸುತ್ತಿಗೆ ಎಳೆಯಬೇಕು, ಅದು ಕೂಗುತ್ತದೆ. ಡೀಸೆಲ್ ಎರಡು ಸಾವಿರದ ಆಸುಪಾಸಿನಲ್ಲೇ ಪೂರ್ತಿ ಜಗ್ಗುಬಲ ಕೊಡುತ್ತದೆ, ಸುಮ್ಮನೆ ಹತ್ತುತ್ತದೆ. ವಾರಕ್ಕೊಮ್ಮೆ ಘಾಟು ಇಳಿದು ಹತ್ತುವವರಿಗೆ, ದಿನಾ ಹುಬ್ಬಳ್ಳಿಗೋ ಕೊಲ್ಲಾಪುರಕ್ಕೋ ಹೋಗುವವರಿಗೆ ಡೀಸೆಲ್ ಬೇಡ ಎಂದು ನಾನು ಹೇಳುವುದಿಲ್ಲ.

ಆದರೆ ಟಿಳಕವಾಡಿಯ ರೈಲ್ವೆ ಗೇಟ್ ಬಿದ್ದಾಗ ಒಮ್ಮೆ ಗ್ಲಾಸ್ ಇಳಿಸಿ ಕೂತು ನೋಡಿ. ಎಂಜಿನ್ ಬಂದ್ ಮಾಡದ ಗಾಡಿಗಳ ಸಾಲಿನಲ್ಲಿ ಯಾವುದು ಡೀಸೆಲ್, ಯಾವುದು ಪೆಟ್ರೋಲ್ ಎಂದು ಕಣ್ಣು ಮುಚ್ಚಿಯೇ ಹೇಳಬಹುದು. ನಡುವೆ ಸಿಕ್ಕ ಸ್ಕೂಟರಿನವರ ಮುಖ ಸರಿಯಾಗಿ ಸೈಲೆನ್ಸರಿನ ಮುಂದಿರುತ್ತದೆ.

ಹೊಗೆ, ವಾಸನೆ, ಮತ್ತು ಡಿಪಿಎಫ್ ಎಂಬ ಹೊಸ ತ್ರಾಸು

2012ರ ಜೂನಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹಳೆಯ ಗಾಡಿಗಳ ಕಪ್ಪು ಹೊಗೆಯಲ್ಲಿರುವ ಮಸಿಯ ಕಣಗಳು ಎದೆಯ ಆಳಕ್ಕೆ ಇಳಿಯುವಷ್ಟು ಸಣ್ಣವು. 2020ರ ಏಪ್ರಿಲ್ 1ರಿಂದ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾಯಿತು, ಡೀಸೆಲ್ಲಿನಲ್ಲಿ ಗಂಧಕದ ಪ್ರಮಾಣ ಹತ್ತು ಲಕ್ಷಕ್ಕೆ 50 ಭಾಗ ಇದ್ದದ್ದು 10ಕ್ಕೆ ಇಳಿಯಿತು. ಹೊಸ ಗಾಡಿಗಳಿಗೆ ಡಿಪಿಎಫ್ ಎಂಬ ಮಸಿ ಜರಡಿ ಬಂತು. ಈಗಿನ ಡೀಸೆಲ್ ಕಾರಿನ ಸೈಲೆನ್ಸರಿಗೆ ಬಿಳೀ ಕರ್ಚೀಫ್ ಒರೆಸಿದರೂ ಹೆಚ್ಚು ಕಪ್ಪಾಗುವುದಿಲ್ಲ. ಹೊರಗಿನವರಿಗೆ ಇದು ದೊಡ್ಡ ಉಪಕಾರ.

ಮಾಲೀಕರಿಗೆ ಮಾತ್ರ ಹೊಸ ಕೆಲಸ. ಜರಡಿಯಲ್ಲಿ ಕೂತ ಮಸಿಯನ್ನು ಗಾಡಿ ಆಗಾಗ ಸುಟ್ಟು ತೆಗೆಯಬೇಕು, ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. ಹದಿನೈದು-ಇಪ್ಪತ್ತು ನಿಮಿಷ ಅರವತ್ತರ ಮೇಲಿನ ವೇಗದಲ್ಲಿ ಒಂದೇ ಸಮ ಓಡಿದರೆ ಅದು ತಾನಾಗಿ ಆಗುತ್ತದೆ. ಮನೆಯಿಂದ ಮಕ್ಕಳ ಶಾಲೆ, ಶಾಲೆಯಿಂದ ಖಡೇಬಜಾರ, ಅಲ್ಲಿಂದ ಮನೆ, ಹೀಗೆ ಮೂರು ಮೂರು ಕಿಲೋಮೀಟರಿನ ಓಡಾಟದಲ್ಲಿ ಆ ಶಾಖ ಬರುವುದೇ ಇಲ್ಲ. ಸುಡುವುದು ಅರ್ಧಕ್ಕೆ ನಿಂತರೆ ಶಾಖಕ್ಕೆಂದು ಹೆಚ್ಚುವರಿಯಾಗಿ ಚಿಮ್ಮಿದ ಡೀಸೆಲ್ ಎಂಜಿನ್ ಆಯಿಲಿಗೆ ಇಳಿದು ಆಯಿಲ್ ತೆಳ್ಳಗಾಗುತ್ತದೆ. ಸುಡುವಾಗ ನಿಂತ ಗಾಡಿಯ ಸುತ್ತು ಏರುತ್ತದೆ, ಕಾದ ಕಬ್ಬಿಣದ ವಾಸನೆ ಬರುತ್ತದೆ, ಕೀಲಿ ತೆಗೆದ ಮೇಲೂ ಫ್ಯಾನ್ ಗೊರ್ರ್ ಎಂದು ತಿರುಗುತ್ತಿರುತ್ತದೆ. ರಾತ್ರಿ ಹನ್ನೊಂದಕ್ಕೆ ಮನೆ ಮುಂದೆ ಇಳಿದಾಗ ಆ ಫ್ಯಾನಿನ ಸಪ್ಪಳ ಗಲ್ಲಿಗೆಲ್ಲಾ ಕೇಳುತ್ತದೆ. ಡಿಪಿಎಫ್ ದೀಪ ಹತ್ತಿದರೆ ಸಂಜೆಯ ಕೆಲಸ ಬಿಟ್ಟು ಹೆದ್ದಾರಿಗೆ ಹೋಗಿ ಕಾಲು ತಾಸು ಓಡಿಸಿ ಬರಬೇಕು. ಹೊಸ ಡೀಸೆಲ್ ಕೊಂಡ ಊರೊಳಗಿನವರ ದೊಡ್ಡ ದೂರು ಇವತ್ತು ಟಕಟಕದ್ದಲ್ಲ, ಇದರದ್ದು. ಕೆಲವು ಗಾಡಿಗಳಿಗೆ ಹೊಗೆ ಶುದ್ಧ ಮಾಡುವ ಯೂರಿಯಾ ದ್ರಾವಣವನ್ನೂ ಬೇರೆ ಟಾಕಿಗೆ ತುಂಬಬೇಕು, ಅದು ಖಾಲಿಯಾದರೆ ಗಾಡಿ ಮತ್ತೆ ಸ್ಟಾರ್ಟೇ ಆಗದಂತೆ ಕಟ್ಟಿರುತ್ತಾರೆ.

ವಾಸನೆಯ ಮಾತು ಸಣ್ಣದು, ಆದರೆ ಹೆಣ್ಣುಮಕ್ಕಳು ಇದನ್ನು ನನ್ನ ಮುಂದೆ ಹೇಳಿದಷ್ಟು ಬೇರೇನನ್ನೂ ಹೇಳಿಲ್ಲ. ಪೆಟ್ರೋಲ್ ಚೆಲ್ಲಿದರೆ ಕ್ಷಣದಲ್ಲಿ ಹಾರಿಹೋಗುತ್ತದೆ, ಡೀಸೆಲ್ ಹಾರುವುದಿಲ್ಲ. ಪಂಪಿನ ನೆಲದ ಮೇಲಿನ ಡೀಸೆಲ್ ತುಳಿದು ಗಾಡಿ ಹತ್ತಿದರೆ ಮ್ಯಾಟಿಗೆ ಹತ್ತಿದ ವಾಸನೆ ವಾರ ಇರುತ್ತದೆ, ಘಾಟಿನಲ್ಲಿ ವಾಂತಿ ಬರುವ ಮಕ್ಕಳಿಗೆ ಅಷ್ಟೇ ಸಾಕು. ಬೆಂಕಿಯ ಭಯ ಮಾತ್ರ ಪೆಟ್ರೋಲಿನಲ್ಲಿ ಜಾಸ್ತಿ, ಅದರ ಆವಿ ಸಣ್ಣ ಕಿಡಿಗೂ ಹೊತ್ತುತ್ತದೆ.

ಪೆಟ್ರೋಲಿನ ಕೊರತೆಗಳು

ಪೆಟ್ರೋಲ್ ಅಂದ ಕೂಡಲೇ ನಿಶ್ಶಬ್ದ ಎಂದು ತಿಳಿಯಬೇಡಿ. ಈಗ ಅಗ್ಗದ ಬಹಳಷ್ಟು ಪೆಟ್ರೋಲ್ ಕಾರುಗಳಿಗೆ ಮೂರೇ ಸಿಲಿಂಡರ್. ಮೂರು ಸಿಲಿಂಡರಿನ ಎಂಜಿನ್ ಸ್ವಭಾವತಃ ಹಿಂದೆಮುಂದೆ ತೂಗಾಡುತ್ತದೆ, ನಿಂತಾಗ ಸೀಟಿನಲ್ಲಿ ಸಣ್ಣ ನಡುಕ ಬರುತ್ತದೆ. ಮೂರು ಸಿಲಿಂಡರ್ ಪೆಟ್ರೋಲಿಗಿಂತ ನಾಲ್ಕು ಸಿಲಿಂಡರ್ ಡೀಸೆಲ್ಲಿನ ಒಳಗೆ ಕೂತವರಿಗೆ ಹೆಚ್ಚು ನೆಮ್ಮದಿ ಸಿಕ್ಕದ್ದೂ ಉಂಟು. ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಚಿಮ್ಮಿಸುವ ಟರ್ಬೊ ಗಾಡಿಗಳು ಟಿಕ್‌ಟಿಕ್ ಅನ್ನುತ್ತವೆ, ಸಣ್ಣ ಕಣಗಳನ್ನೂ ಉಗುಳುತ್ತವೆ. ಆದರೆ ಈ ಸಪ್ಪಳ ಗಾಡಿಯ ಸುತ್ತ ಹತ್ತು ಹೆಜ್ಜೆಗೆ ಮುಗಿಯುತ್ತದೆ, ತಾಟು ಅಲುಗಾಡಿಸುವುದಿಲ್ಲ.

ಇನ್ನೊಂದು, ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರ ತನಕ ಎಥೆನಾಲ್ ಇದೆ. ನಮ್ಮ ಜಿಲ್ಲೆಯ, ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಗಳೂ ಅದನ್ನು ಮಾಡುತ್ತವೆ, ರೈತರಿಗೆ ಕಬ್ಬಿನ ಬಿಲ್ಲಿಗೆ ಅದು ಆಸರೆ. ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ, ಹಾಗಾಗಿ ಮಿಶ್ರಣದಲ್ಲಿ ಶೇಕಡಾ ಆರು-ಏಳು ಶಕ್ತಿ ಕಡಿಮೆ ಬೀಳುತ್ತದೆ. ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಗಾಡಿ ನೋಡುವವರು ಅದು ಇ-20ಕ್ಕೆ, ಅಂದರೆ ಈ ಶೇಕಡಾ 20ರ ಮಿಶ್ರಣಕ್ಕೆ ತಕ್ಕದ್ದೇ ಎಂದು ಪುಸ್ತಕ ತೆಗೆದು ನೋಡಿ.

ರೊಕ್ಕದ ಲೆಕ್ಕ

ಡೀಸೆಲ್ ಅಗ್ಗ ಎಂಬ ಕಾಲ ಹೋಗಿದೆ. 2012ರ ಸುಮಾರಿಗೆ ಎರಡರ ನಡುವೆ ಲೀಟರಿಗೆ ಮೂವತ್ತು ರೂಪಾಯಿಯ ಆಸುಪಾಸು ಅಂತರವಿತ್ತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತ ತೆಗೆದ ಮೇಲೆ ಅದು ಕರಗುತ್ತ ಬಂತು. ಒಂದು ಉದಾಹರಣೆ ಹಿಡಿಯೋಣ: ಪೆಟ್ರೋಲ್ 102 ರೂಪಾಯಿ, ಗಾಡಿ 14 ಕಿ.ಮೀ. ಕೊಡುತ್ತದೆ. ಡೀಸೆಲ್ 90 ರೂಪಾಯಿ, ಗಾಡಿ 18 ಕೊಡುತ್ತದೆ. ಕಿಲೋಮೀಟರಿಗೆ 7.30 ಮತ್ತು 5 ರೂಪಾಯಿ, ಉಳಿತಾಯ 2.30. ಅದೇ ಗಾಡಿಯ ಡೀಸೆಲ್ ಮಾದರಿಗೆ 1.40 ಲಕ್ಷ ಹೆಚ್ಚು ಕೊಟ್ಟಿದ್ದರೆ ಆ ದುಡ್ಡು ಮರಳಲು ಸುಮಾರು 61 ಸಾವಿರ ಕಿ.ಮೀ. ಓಡಬೇಕು. ತಿಂಗಳಿಗೆ ಮೂರು ಸಾವಿರ ಓಡಿಸುವವರಿಗೆ ಎರಡು ವರ್ಷದೊಳಗೆ, ಐನೂರು ಓಡಿಸುವವರಿಗೆ ಹತ್ತು ವರ್ಷ. ರಾಜ್ಯದ ಆಜೀವ ತೆರಿಗೆ ಗಾಡಿಯ ಬೆಲೆಯ ಮೇಲೆ ಬೀಳುವುದರಿಂದ ಅದೂ ಡೀಸೆಲ್ಲಿಗೆ ಹೆಚ್ಚು. ನಿಮ್ಮ ಅಂಕಿಗಳನ್ನು ಹಾಕಿ ಚೀಟಿಯ ಮೇಲೆ ಬರೆದು ನೋಡಿ.

ಆಯ್ಕೆಯೂ ಕಿರಿದಾಗಿದೆ. ಮಾರುತಿ 2020ರ ಏಪ್ರಿಲಿನಿಂದ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಮಹೀಂದ್ರ, ಟಾಟಾ, ಹ್ಯುಂಡೈ, ಕಿಯಾ, ಟೊಯೊಟಾ ಉಳಿದಿವೆ.

ನೋಡಲು ಹೋದಾಗ

ಷೋರೂಮಿಗೆ ಮುಂಜಾನೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ. ರಾತ್ರಿಯಿಡೀ ನಿಂತ ಗಾಡಿಯನ್ನು ನಿಮ್ಮ ಮುಂದೆಯೇ ಸ್ಟಾರ್ಟ್ ಮಾಡಿಸಿ. ನೀವು ಒಳಗೆ ಕೂರಬೇಡಿ, ಹಿಂದಿನ ಬಂಪರಿನಿಂದ ನಾಲ್ಕು ಹೆಜ್ಜೆ ಆಚೆ ನಿಲ್ಲಿ, ಆಮೇಲೆ ಮುಂದೆ ಬನ್ನಿ. ಸಾಧ್ಯವಾದರೆ ಅದೇ ಮಾದರಿಯ ಪೆಟ್ರೋಲ್ ಗಾಡಿಯನ್ನೂ ಹಾಗೇ ಕೇಳಿ. ಮೊಬೈಲಿನ ಡೆಸಿಬಲ್ ಆ್ಯಪ್ ಕೊಡುವ ಅಂಕಿಯನ್ನು ನಂಬಬೇಕಿಲ್ಲ, ಆದರೆ ಒಂದೇ ಮೊಬೈಲು, ಒಂದೇ ದೂರ ಇದ್ದರೆ ಎರಡರ ನಡುವಿನ ಅಂತರ ತಿಳಿಯುತ್ತದೆ. ಹತ್ತು ಡೆಸಿಬಲ್ ಏರಿತೆಂದರೆ ಕಿವಿಗೆ ಹೆಚ್ಚುಕಮ್ಮಿ ಇಮ್ಮಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನು ಕರೆದೊಯ್ದು ಹಿಂದಿನ ಸೀಟಿನಲ್ಲಿ ಕೂರಿಸಿ. ನಡುಕದ ಬಗ್ಗೆ ಅವರ ಬೆನ್ನು ಹೇಳುವುದೇ ಖರೆ.

ಹಳೇ ಡೀಸೆಲ್ ಕೊಳ್ಳುವವರು ಮೊದಲು ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಮಾರುವವರು ಮೊದಲೇ ಕಾಯಿಸಿಟ್ಟಿದ್ದಾರೆ, ಮರುದಿನ ಮುಂಜಾನೆ ಬರುತ್ತೇನೆ ಎಂದು ಹೇಳಿ. ಜೊತೆಗೆ ಗೊತ್ತಿದ್ದ ಮಿಸ್ತ್ರಿ ಇರಲಿ. ಉದ್ಯಮಬಾಗದ ಒಬ್ಬ ಮಿಸ್ತ್ರಿ ಮಾರುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಡೀಸೆಲ್ ಚಿಮ್ಮಿಸುವ ಒಂದೊಂದೇ ಇಂಜೆಕ್ಟರಿನ ಬುಡಕ್ಕೆ ಇಟ್ಟು, ಹಿಡಿಕೆಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳುವುದನ್ನು ನೋಡಿದ್ದೇನೆ. "ಮೂರನೇ ನಾಜಲ್ ಹೊಡ್ಯಾಕತ್ತೈತ್ರೀ ಸಾಹೇಬ್ರ, ಉಳದಾವು ಛಲೋ ಅದಾವು." ಬಿಚ್ಚಿದಾಗ ಅದೇ ಕೆಟ್ಟಿತ್ತು. ಎಂಜಿನನ್ನು ಹಿಡಿದಿಡುವ ಮೌಂಟಿಂಗ್ ಹಾಳಾಗಿದ್ದರೆ, ಒಳಗೆ ಕೂತವರು ಬ್ರೇಕ್ ಒತ್ತಿ ಹಿಡಿದು ರಿವರ್ಸ್ ಹಾಕಿ ಕ್ಲಚ್ ಸ್ವಲ್ಪ ಬಿಟ್ಟಾಗ ಎಂಜಿನ್ ಎದ್ದು ಕೂರುತ್ತದೆ, ಬಾನೆಟ್ ತೆಗೆದಿಟ್ಟು ಪಕ್ಕಕ್ಕೆ ನಿಂತು ನೋಡಿ.

ಹಾಗಾದರೆ ಯಾವುದು? ಗಾಡಿ ಗಲ್ಲಿಯಲ್ಲಿ ನಿಲ್ಲುತ್ತದೆ, ಓಡುವುದು ಊರೊಳಗೆ, ತಿಂಗಳಿಗೆ ಸಾವಿರ ಕಿಲೋಮೀಟರಿನೊಳಗೆ ಎಂದಾದರೆ ಪೆಟ್ರೋಲ್ ತೊಗೊಳ್ಳಿ, ಆದರೆ ನಾಲ್ಕು ಸಿಲಿಂಡರಿನದು. ಖರ್ಚು ಉಳಿಸಬೇಕಿದ್ದರೆ ಸಿಎನ್‌ಜಿ ನೋಡಿ, ಸಪ್ಪಳದಲ್ಲಿ ಅದು ಪೆಟ್ರೋಲಿನ ಹಾಗೇ, ಹೆಚ್ಚಿನ ಗಾಡಿಗಳಲ್ಲಿ ಡಿಕ್ಕಿಯ ಜಾಗ ಮಾತ್ರ ಬಿಟ್ಟುಕೊಡಬೇಕು. ಸ್ವಂತ ಜಾಗದಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಲು ಬರುವವರಿಗೆ ವಿದ್ಯುತ್ ಗಾಡಿ ಎಲ್ಲಕ್ಕಿಂತ ಶಾಂತ. ಮನೆ ಸದಾಶಿವನಗರದಂಥ ಅಗಲ ಬಡಾವಣೆಯಲ್ಲಿ ಕಾಂಪೌಂಡಿನೊಳಗೆ, ಓಟ ಹೆದ್ದಾರಿಯದು, ಏಳು ಸೀಟಿನ ಭಾರದ ಗಾಡಿಯೇ ಬೇಕು ಎಂದಾದರೆ ಡೀಸೆಲ್. ಗಲ್ಲಿಯಲ್ಲಿದ್ದೂ ದಿನಾ ನೂರು ಕಿಲೋಮೀಟರ್ ಓಡಿಸಬೇಕಾದವರ ಪಾಡು ಕಷ್ಟ. ಅವರು ಗಾಡಿಯನ್ನು ರಾತ್ರಿ ಮುಖ್ಯರಸ್ತೆಯ ಬಾಯಿಯಲ್ಲಿ ಒಂದು ಜಾಗ ಬಾಡಿಗೆಗೆ ಹಿಡಿದು ನಿಲ್ಲಿಸಿದರೆ ಒಳ್ಳೆಯದು.

ಈಗಾಗಲೇ ಡೀಸೆಲ್ ಇದ್ದವರಿಗೂ ಮಾಡಲು ಕೆಲಸವಿದೆ. ಗಾಡಿಯ ಮೂತಿ ಹೊರಗಿನ ದಿಕ್ಕಿಗೆ ಇರುವಂತೆ ರಾತ್ರಿಯೇ ತಿರುಗಿಸಿ ನಿಲ್ಲಿಸಿದರೆ ನಸುಕಿನಲ್ಲಿ ಹಿಂದೆಮುಂದೆ ಮಾಡುವುದು ತಪ್ಪುತ್ತದೆ. ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ಬಂದರೆ ಟರ್ಬೊ ತಣಿಯಲು ಒಂದು ನಿಮಿಷ ಬೇಕು. ಆ ನಿಮಿಷವನ್ನು ಮನೆ ಮುಂದೆ ಕೊಡಬೇಡಿ, ಕೊನೆಯ ಕಿಲೋಮೀಟರನ್ನು ಮೆಲ್ಲಗೆ ಬಂದರೆ ಆಯಿತು. ಬಾನೆಟ್ಟಿನ ಒಳಮೈಗೆ ಹಚ್ಚಿದ ಸ್ಪಂಜಿನ ಹೊದಿಕೆಯನ್ನು ಇಲಿಗಳು ಹರಿದು ಗೂಡಿಗೆ ಒಯ್ಯುತ್ತವೆ. ಸಪ್ಪಳ ತಡೆಯುವುದರಲ್ಲಿ ಅದರ ಪಾಲೂ ಇದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಬಾನೆಟ್ ಎತ್ತಿ ನೋಡಿ, ಹರಿದಿದ್ದರೆ ಅಷ್ಟನ್ನೇ ಬದಲಿಸಿ.